ಮದ್ದು ಬಿಡುವ ಪೈಲಟ್ ಮೊದಲು ಕಲಿಯಬೇಕಾದ ಪಾಠ

ಕಳೆದ ತಿಂಗಳು ಪುತ್ತೂರು ಕಡೆಯ ಒಂದು ಮದುವೆಗೆ ಹೋಗಿದ್ದೆವು. ಊಟದ ಸರದಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಹಾಲ್‌ನ ಹೊರಗೆ ಕುರ್ಚಿ ಹಾಕಿ ಕೂತವರ ನಡುವೆ ಮಾತು ಮಕ್ಕಳ ಓದಿನ ಕಡೆ ತಿರುಗಿತು. ಪರಿಚಯದವರೊಬ್ಬರು ನಮ್ಮ ಹತ್ತಿರ ಕೇಳಿದರು: “ನಮ್ಮ ಹುಡುಗನಿಗೆ ಪೈಲಟ್ ಆಗಬೇಕಂತೆ. ದುಬೈಗೆ ಹೋಗುವ ವಿಮಾನದ್ದಲ್ಲ, ತೋಟಕ್ಕೆ ಮದ್ದು ಬಿಡುವ ಹೆಲಿಕಾಪ್ಟರಿನದ್ದು. ಅದಾಗದಿದ್ದರೆ ಡ್ರೋನ್ ಆದರೂ ಸಾಕಂತೆ. ನೀವು ಪೇಪರಿನವರಲ್ವಾ, ಇದರಲ್ಲಿ ಭವಿಷ್ಯ ಉಂಟಾ?”

ನಾವು ಉತ್ತರ ಹೇಳುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಾಯಿ ಹಾಕಿದರು. ಅವರದ್ದು ಗಡಿಯಾಚೆ, ಎಣ್ಮಕಜೆ ಕಡೆಯ ಊರು. “ನಮ್ಮಲ್ಲಿ ಹೆಲಿಕಾಪ್ಟರ್ ಬರ್ತಿತ್ತು ಮಾರಾಯ್ರೇ. ಸದ್ದು ಕೇಳಿದ ಕೂಡಲೇ ಮಕ್ಕಳೆಲ್ಲ ಅಂಗಳಕ್ಕೆ ಓಡುವುದು, ಕೈ ಬೀಸುವುದು. ಮೇಲಿಂದ ಮಂಜಿನ ಹಾಗೆ ಬೀಳ್ತಿತ್ತು. ನಮಗೆ ಅದೊಂದು ಹಬ್ಬ. ಅದು ಏನು ಅಂತ ಹೇಳುವವರು ಯಾರೂ ಇರಲಿಲ್ಲ.”

ಅಲ್ಲಿಗೆ ಮಾತು ನಿಂತಿತು. ಊಟಕ್ಕೆ ಕರೆ ಬಂತು, ಎದ್ದು ಹೋದೆವು. ಆದರೆ ಆ ತಂದೆಯ ಪ್ರಶ್ನೆ ಮತ್ತು ಆ ಹಿರಿಯರ ಮಾತು ಎರಡೂ ತಲೆಯಲ್ಲಿ ಉಳಿದವು. ಎರಡಕ್ಕೂ ಸಂಬಂಧ ಉಂಟು. ಈ ವಾರ ಅದನ್ನೇ ನಿಮ್ಮ ಮುಂದಿಡುತ್ತಿದ್ದೇವೆ.

ಆಕಾಶದಿಂದ ಮದ್ದು ಬಿಡುವುದು ಹೊಸತಲ್ಲ

ಕೀಟಗಳಿಗೆ ಆಕಾಶದಿಂದ ಮದ್ದು ಹಾಕುವ ಕೆಲಸಕ್ಕೆ ನೂರು ವರ್ಷ ದಾಟಿತು. 1921ರ ಆಗಸ್ಟ್ 3ರಂದು ಅಮೆರಿಕದ ಓಹಿಯೋ ರಾಜ್ಯದ ಟ್ರಾಯ್ ಎಂಬ ಊರಿನ ಹತ್ತಿರ ಜಾನ್ ಮೆಕ್ರೆಡಿ ಎಂಬ ಪೈಲಟ್ ಹಳೆಯ ಸೇನಾ ವಿಮಾನವೊಂದರಿಂದ ಮರಗಳ ಮೇಲೆ ವಿಷದ ಪುಡಿ ಸುರಿದ. ಎಲೆ ತಿನ್ನುವ ಹುಳಗಳನ್ನು ಕೊಲ್ಲಲು ಬಳಸಿದ ಆ ಪುಡಿ ಸೀಸ ಮತ್ತು ಆರ್ಸೆನಿಕ್‌ನದ್ದು. 1946ರಲ್ಲಿ ಬೆಲ್ 47 ಎಂಬ ಹೆಲಿಕಾಪ್ಟರಿಗೆ ನಾಗರಿಕ ಬಳಕೆಯ ಅನುಮತಿ ಸಿಕ್ಕಿದ ಮೇಲೆ ಹೆಲಿಕಾಪ್ಟರ್ ಕೂಡ ಈ ಕೆಲಸಕ್ಕೆ ಇಳಿಯಿತು.

ಹೆಲಿಕಾಪ್ಟರಿಗೆ ರನ್‌ವೇ ಬೇಡ. ಗದ್ದೆಯ ಬದಿಯಲ್ಲಿ ನಿಂತ ಲಾರಿಯ ಮೇಲೆಯೇ ಇಳಿಸಿ, ಟ್ಯಾಂಕ್ ತುಂಬಿಸಿ, ಮತ್ತೆ ಎಬ್ಬಿಸಬಹುದು. ಗುಡ್ಡ, ಕಣಿವೆ, ಸಣ್ಣ ಸಣ್ಣ ತೋಟ ಇರುವಲ್ಲಿ ವಿಮಾನಕ್ಕಿಂತ ಇದು ಸಲೀಸು. ಮೇಲಿನ ರೆಕ್ಕೆ ಕೆಳಕ್ಕೆ ತಳ್ಳುವ ಗಾಳಿ ಮದ್ದಿನ ಹನಿಗಳನ್ನು ಎಲೆಗಳ ಒಳಗೂ ನುಗ್ಗಿಸುತ್ತದೆ.

ನಮ್ಮ ದೇಶದಲ್ಲಿ ಇತ್ತೀಚೆಗೆ ದೊಡ್ಡದಾಗಿ ಸುದ್ದಿಯಾದದ್ದು 2020ರ ಮಿಡತೆ ದಾಳಿಯ ಸಮಯದಲ್ಲಿ. ರಾಜಸ್ಥಾನದ ಮರುಭೂಮಿಗೆ ಕೇಂದ್ರ ಕೃಷಿ ಇಲಾಖೆ ಬೆಲ್ 206 ಹೆಲಿಕಾಪ್ಟರ್ ಕಳಿಸಿತು. ಒಬ್ಬನೇ ಪೈಲಟ್, ಒಂದು ಸಲಕ್ಕೆ 250 ಲೀಟರ್ ಮದ್ದು, ಒಂದು ಹಾರಾಟದಲ್ಲಿ 25ರಿಂದ 50 ಹೆಕ್ಟೇರ್. ವಾಯುಪಡೆಯೂ ತನ್ನ ಎಂಐ-17 ಹೆಲಿಕಾಪ್ಟರುಗಳನ್ನು ಇದಕ್ಕೆಂದು ಬದಲಾಯಿಸಿ ಇಳಿಸಿತು. ಅದೇ ವರ್ಷ ಮಿಡತೆ ಓಡಿಸಲು ಡ್ರೋನ್‌ಗಳೂ ಬಂದವು.

ಗಲ್ಫಿನಲ್ಲಿರುವ ನಮ್ಮವರಿಗೂ ಇದು ಹೊಸ ವಿಷಯವಲ್ಲ. ಒಮಾನಿನ ಖರ್ಜೂರದ ತೋಟಗಳಿಗೆ ದುಬಾಸ್ ಎಂಬ ರಸ ಹೀರುವ ಕೀಟದ ಕಾಟ ಉಂಟು. ಅದಕ್ಕೆ ಅಲ್ಲಿನ ಸರಕಾರವೇ ಆಕಾಶದಿಂದ ಮದ್ದು ಬಿಡಿಸುತ್ತದೆ. ನಾವು ಆಸೆಯಿಂದ ತಿನ್ನುವ ಖರ್ಜೂರದ ಹಿಂದೆಯೂ ಇಂಥ ಪೈಲಟ್‌ಗಳ ಕೆಲಸ ಇರುತ್ತದೆ.

ಇದು ಎಂಥ ಕೆಲಸ?

ನೋಡುವವರಿಗೆ ಸುಲಭವಾಗಿ ಕಾಣುವ ಈ ಕೆಲಸ ಹಾರಾಟದಲ್ಲೇ ಕಷ್ಟದ್ದು. ಬೆಳೆಯ ತುದಿಯಿಂದ ಹತ್ತು ಅಡಿಯಷ್ಟು ಮೇಲೆ ಮಾತ್ರ ಹಾರಬೇಕು. ಗದ್ದೆಯ ಕೊನೆಗೆ ಬಂದಾಗ ಮೇಲೇರಿ, ತಿರುಗಿ, ಮತ್ತೆ ಅದೇ ಎತ್ತರಕ್ಕೆ ಇಳಿಯಬೇಕು. ದಿನಕ್ಕೆ ಹತ್ತಾರು ಸಲ ಇಳಿದು ಏರುವುದು. ತುಂಬಿದ ಟ್ಯಾಂಕಿನ ಭಾರ ಬೇರೆ. ಅಷ್ಟು ಕೆಳಗೆ ಎಂಜಿನ್ ಕೈಕೊಟ್ಟರೆ ಸಾವರಿಸಿಕೊಳ್ಳಲು ಸಮಯವೇ ಇಲ್ಲ. ಈ ಪೈಲಟ್‌ಗಳು ಅತಿ ಹೆಚ್ಚು ಹೆದರುವುದು ಕರೆಂಟಿನ ತಂತಿಗೆ. ಬಿಸಿಲಿನಲ್ಲಿ, ಮರಗಳ ಹಿನ್ನೆಲೆಯಲ್ಲಿ ತಂತಿ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಮದ್ದು ಬಿಡುವ ಮೊದಲು ಇಡೀ ಜಾಗವನ್ನು ಒಂದು ಸುತ್ತು ನೋಡಿ, ಕಂಬ ಎಲ್ಲಿ, ಮನೆ ಎಲ್ಲಿ, ಕೆರೆ ಎಲ್ಲಿ ಅಂತ ಗುರುತು ಮಾಡಿಕೊಳ್ಳುವುದು ಮೊದಲ ಕೆಲಸ.

ಎರಡನೆಯದ್ದು ಗಾಳಿಯ ಲೆಕ್ಕ. ಹನಿ ದಪ್ಪವಾದರೆ ನೇರ ಕೆಳಗೆ ಬೀಳುತ್ತದೆ. ತೀರಾ ಸಣ್ಣದಾದರೆ ಗಾಳಿಯಲ್ಲಿ ತೇಲಿ ಪಕ್ಕದ ಗದ್ದೆಗೆ, ಬಾವಿಗೆ, ಶಾಲೆಯ ಅಂಗಳಕ್ಕೆ ಹೋಗುತ್ತದೆ. ಗಾಳಿ ಜೋರಿದ್ದರೆ ಬಿಡುವ ಹಾಗಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಗಾಳಿಯೇ ಇಲ್ಲದ ಮುಂಜಾನೆ ಕೂಡ ಅಪಾಯ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬಿಸಿ ಗಾಳಿ ಇದ್ದಾಗ ಸಣ್ಣ ಹನಿಗಳು ಕೆಳಗೂ ಬೀಳದೆ, ಮೇಲೂ ಹೋಗದೆ ಹೊಗೆಯ ಹಾಗೆ ನಿಂತು, ನಿಧಾನವಾಗಿ ಕಣಿವೆಗೆ ಜಾರುತ್ತವೆ. ನಮ್ಮ ಕಡೆ ಮನೆಗಳಿರುವುದು ಕಣಿವೆಯಲ್ಲೇ ಅಲ್ವಾ?

ಹೀಗಾಗಿ ಹಾರಿಸಲು ಬರುತ್ತದೆ ಎಂದ ಮಾತ್ರಕ್ಕೆ ಈ ಕೆಲಸ ಕೊಡುವುದಿಲ್ಲ. ಅಮೆರಿಕದ ವಿಮಾನಯಾನ ನಿಯಮಗಳಲ್ಲಿ ಕೃಷಿ ಹಾರಾಟಕ್ಕೆಂದೇ 137ನೇ ಭಾಗ ಉಂಟು. ಅದರಲ್ಲಿ ಹಾರಾಟದ ಪರೀಕ್ಷೆಯ ಜತೆಗೆ ಜ್ಞಾನದ ಪರೀಕ್ಷೆಯೂ ಉಂಟು. ವಿಷವನ್ನು ಹೇಗೆ ಕೈಯಲ್ಲಿ ಮುಟ್ಟಬೇಕು, ಖಾಲಿ ಡಬ್ಬ ಏನು ಮಾಡಬೇಕು, ಅದು ಗಿಡಕ್ಕೆ, ಪ್ರಾಣಿಗೆ, ಮನುಷ್ಯರಿಗೆ ಏನು ಮಾಡುತ್ತದೆ, ವಿಷ ತಗಲಿದರೆ ಲಕ್ಷಣ ಏನು, ತಕ್ಷಣ ಏನು ಮಾಡಬೇಕು ಎನ್ನುವುದೆಲ್ಲ ಅದರಲ್ಲಿ ಬರುತ್ತದೆ.

ನಮ್ಮಲ್ಲೂ ನಿಯಮ ಇತ್ತು

ಅಮೆರಿಕದವರು ಬುದ್ಧಿವಂತರು, ನಮ್ಮಲ್ಲಿ ಎಲ್ಲಿಯ ನಿಯಮ ಅಂತ ಹೇಳಬೇಡಿ. ಭಾರತದಲ್ಲಿ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು. ಆಕಾಶದಿಂದ ಮದ್ದು ಬಿಡುವುದರ ಬಗ್ಗೆಯೇ ಅದರಲ್ಲಿ ಪ್ರತ್ಯೇಕ ನಿಯಮ ಉಂಟು. ಮದ್ದು ಬಿಡುವ ಜಾಗವನ್ನು ಗುರುತು ಮಾಡಬೇಕು. ಒಪ್ಪಿಗೆ ಪಡೆದ ಮದ್ದನ್ನು ಒಪ್ಪಿಗೆಯ ಪ್ರಮಾಣದಲ್ಲಿ, ಒಪ್ಪಿಗೆಯ ಎತ್ತರದಿಂದಲೇ ಬಿಡಬೇಕು. ತೊಳೆದುಕೊಳ್ಳಲು, ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಇರಬೇಕು. ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಸಂಬಂಧವಿಲ್ಲದ ಜನ, ಜಾನುವಾರು ಅಲ್ಲಿಗೆ ಬಾರದ ಹಾಗೆ ನೋಡಿಕೊಳ್ಳಬೇಕು. ಕೊನೆಯದ್ದು ಬಹಳ ಮುಖ್ಯ: ಪೈಲಟ್‌ಗಳಿಗೆ ವಿಶೇಷ ತರಬೇತಿ ಆಗಬೇಕು, ಕೀಟನಾಶಕ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆ ಎನ್ನುವುದೂ ಆ ತರಬೇತಿಯಲ್ಲಿ ಸೇರಿರಬೇಕು.

ಅಂದರೆ ಮೇಲೆ ಕೂತವನಿಗೆ ಕೆಳಗಿನವರ ಮೈಗೆ ಏನಾಗುತ್ತದೆ ಎಂದು ಗೊತ್ತಿರಬೇಕು ಎಂಬುದು ಐವತ್ತು ವರ್ಷಕ್ಕೂ ಹಿಂದೆಯೇ ಬರೆದಿಟ್ಟ ಕಾನೂನು.

ಗೇರು ಗುಡ್ಡದ ಕತೆ

ಈ ನಿಯಮ ಬಂದು ಕೆಲವೇ ವರ್ಷಗಳಲ್ಲಿ ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರತೊಡಗಿತು. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್‌ಗೆ ಆ ಜಿಲ್ಲೆಯಲ್ಲಿ ಸುಮಾರು 4,700 ಹೆಕ್ಟೇರ್ ಗೇರು ತೋಟ. ಗೇರಿನ ಚಿಗುರು, ಹೂವನ್ನು ಹಾಳು ಮಾಡುವ ಟೀ ಸೊಳ್ಳೆಗೆ ಮದ್ದು ಎಂಡೋಸಲ್ಫಾನ್. ವರ್ಷಕ್ಕೆ ಎರಡು ಮೂರು ಸಲ, 20ಕ್ಕೂ ಹೆಚ್ಚು ವರ್ಷ ಆಕಾಶದಿಂದ ಬಿಟ್ಟರು.

ಆ ಊರುಗಳನ್ನು ನೋಡಿದವರಿಗೆ ಗೊತ್ತು. ತೋಟ ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಕೆರೆ, ಶಾಲೆ ಎಲ್ಲ ಕೆಳಗೆ. ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗದಿಂದ ಕುಡಿಯುವ ನೀರು ಬರುತ್ತದೆ. ಮೇಲೆ ಬಿದ್ದದ್ದು ಮಳೆಗಾಲದಲ್ಲಿ ಕೆಳಗೆ ಬಾರದೆ ಎಲ್ಲಿಗೆ ಹೋಗಬೇಕು? ಒಂದು ಮಟ್ಟದ ಗದ್ದೆಯ ಮೇಲೆ ಹತ್ತು ಅಡಿ ಎತ್ತರ ಕಾಪಾಡುವುದೇ ಕಷ್ಟ. ಏರಿಳಿತದ ಗುಡ್ಡದ ಮೇಲೆ, ಎತ್ತರದ ಗೇರು ಮರಗಳ ಮೇಲೆ, ಎಷ್ಟೇ ನುರಿತ ಪೈಲಟ್ ಆದರೂ ಹನಿಯನ್ನು ತೋಟದ ಬೇಲಿಯೊಳಗೇ ನಿಲ್ಲಿಸುವುದು ಆಗುವ ಮಾತಲ್ಲ.

ಪಡ್ರೆ ಗ್ರಾಮದಲ್ಲಿ ಕಾಲು ಊನವಾದ ಕರುಗಳು ಹುಟ್ಟುವ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬಹಳ ಮೊದಲೇ ಬರೆದಿದ್ದರು. 1990ರ ದಶಕದಲ್ಲಿ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಪ್ರದೇಶದವರಿಗೆ ವಿಚಿತ್ರ ಕಾಯಿಲೆಗಳು ಹೆಚ್ಚಾಗಿರುವುದನ್ನು ಗಮನಿಸಿದರು. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿಗೆ ಹೋದರು. ಒಬ್ಬ ಹೆಣ್ಣುಮಗಳು ತಾನು ದುಡಿಯುವ ಇಲಾಖೆಯ ಮುಲಾಜು ನೋಡದೆ ಹೂಡಿದ ಕೇಸು ಅದು. ಕೊನೆಗೆ 2000ದಲ್ಲಿ ಹೆಲಿಕಾಪ್ಟರ್ ನಿಂತಿತು.

ಆಮೇಲೆ ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದರು. ಗೇರು ಗುಡ್ಡದ ಬುಡದ ಊರಿನ 117 ಗಂಡುಮಕ್ಕಳನ್ನು, ಮದ್ದು ಬೀಳದ ಊರಿನ 90 ಮಕ್ಕಳ ಜತೆ ಹೋಲಿಸಿದರು. ಗುಡ್ಡದ ಬುಡದ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿತ್ತು. 2003ರಲ್ಲಿ ಆ ವರದಿ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನ್ ನಿಲ್ಲಿಸಲು ಒಪ್ಪಿದವು. ಅದೇ ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಆದೇಶಿಸಿತು.

ಇದು ಗಡಿಯಾಚೆಯ ಕತೆ ಮಾತ್ರ ಅಲ್ಲ. ಈಚೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳ ಸುತ್ತಲೂ ಅದೇ ನೋವು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳಲ್ಲಿ ಎಂಡೋ ಸಂತ್ರಸ್ತರನ್ನು ನಮ್ಮ ಸರಕಾರ ಗುರುತಿಸಿ ಮಾಸಾಶನ ಕೊಡುತ್ತಿದೆ. ಮೂವತ್ತು ದಾಟಿದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರು, ಉಮ್ಮಂದಿರು ಈ ಊರುಗಳಲ್ಲಿ ಇದ್ದಾರೆ. “ನಾನು ಹೋದ ಮೇಲೆ ಇವನಿಗೆ ಯಾರು?” ಎನ್ನುವ ಅವರ ಪ್ರಶ್ನೆಗೆ ಮಾಸಾಶನದಲ್ಲಿ ಉತ್ತರ ಇಲ್ಲ.

ನಮ್ಮ ಹುಡುಗರ ಮುಂದಿರುವ ದಾರಿ

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಹೆಲಿಕಾಪ್ಟರ್ ಪೈಲಟ್ ಆಗಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಕೇಳುತ್ತಾರೆ. 18 ವರ್ಷ ತುಂಬಿರಬೇಕು. ಡಿಜಿಸಿಎಯ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಹವಾಮಾನ, ದಾರಿ ಲೆಕ್ಕ, ವಿಮಾನ ಕಾನೂನು, ಯಂತ್ರದ ವಿಷಯಗಳ ಪರೀಕ್ಷೆ ಬರೆಯಬೇಕು. ಕಮರ್ಶಿಯಲ್ ಲೈಸನ್ಸಿಗೆ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ 150 ಗಂಟೆ ಹಾರಾಟ, ಮಾನ್ಯ ಸಂಸ್ಥೆಯ ಪೂರ್ಣ ಕೋರ್ಸಿನಲ್ಲಾದರೆ 100 ಗಂಟೆ. ಬೆಂಗಳೂರಿನ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಈ ತರಬೇತಿಗೆ ಹೆಸರಾದದ್ದು. ಖರ್ಚು ಮಾತ್ರ ಮನೆ ಮಾರುವಷ್ಟು ಬರುತ್ತದೆ. ಲೈಸನ್ಸ್ ಸಿಕ್ಕಿದ ಮೇಲೂ ಭಾರತದಲ್ಲಿ ಹೆಚ್ಚಿನ ಕೆಲಸ ಇರುವುದು ಸಮುದ್ರದ ತೈಲ ಬಾವಿಗಳಿಗೆ ಜನ ಸಾಗಿಸುವುದರಲ್ಲಿ, ಯಾತ್ರಾಸ್ಥಳಗಳಲ್ಲಿ. ಮದ್ದು ಬಿಡುವ ಹೆಲಿಕಾಪ್ಟರ್ ಕೆಲಸ ಬೇಕಾದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕದ ಕಡೆ ನೋಡಬೇಕು. ಅಲ್ಲಿ ಮತ್ತೆ ಬೇರೆ ಪರೀಕ್ಷೆ.

ಹಾಗಾಗಿ ನಮ್ಮ ಹುಡುಗರಿಗೆ ಹತ್ತಿರದ ದಾರಿ ಡ್ರೋನ್. 2021ರ ಡ್ರೋನ್ ನಿಯಮಗಳ ಪ್ರಕಾರ ಹತ್ತನೇ ತರಗತಿ ಪಾಸಾದ 18ರಿಂದ 65 ವರ್ಷದವರು ಡಿಜಿಸಿಎ ಮಾನ್ಯತೆ ಇರುವ ಸಂಸ್ಥೆಯಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ಹತ್ತು ವರ್ಷ ಅದು ನಡೆಯುತ್ತದೆ. ಬಜ್ಪೆ ಸುತ್ತಮುತ್ತಲಿನವರು ಒಂದು ವಿಷಯ ನೆನಪಿಡಬೇಕು. ವಿಮಾನ ನಿಲ್ದಾಣದ ಸುತ್ತ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವ ಹಾಗಿಲ್ಲ.

ಹೆಣ್ಣುಮಕ್ಕಳಿಗೂ ಇದರಲ್ಲಿ ಜಾಗ ಉಂಟು. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘಗಳಿಗೆ ಡ್ರೋನಿನ ಬೆಲೆಯ ಶೇ. 80, ಗರಿಷ್ಠ 8 ಲಕ್ಷ ರೂಪಾಯಿ ತನಕ ಸಹಾಯ ಸಿಗುತ್ತದೆ. ಆಯ್ಕೆಯಾದ ಸದಸ್ಯೆಗೆ 15 ದಿನ ತರಬೇತಿ. ಅದರಲ್ಲಿ ಹಾರಿಸಲು ಕಲಿಯುವುದು 5 ದಿನ ಮಾತ್ರ. ಉಳಿದ 10 ದಿನ ಗೊಬ್ಬರ, ಮದ್ದು ಬಳಸುವ ಪಾಠ. ಈ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿ. ಹಾರಿಸುವುದಕ್ಕಿಂತ ಎರಡು ಪಟ್ಟು ದಿನ ಮದ್ದಿನ ಬಗ್ಗೆ ಕಲಿಯಬೇಕು ಅಂತ ಆ ಯೋಜನೆಯೇ ಹೇಳುತ್ತದೆ.

ಆದರೆ ಎಲ್ಲ ಕಡೆ ಹಾಗೆ ನಡೆಯುತ್ತಿಲ್ಲ. ನಮಗೆ ಗೊತ್ತಿರುವ ಹುಡುಗನೊಬ್ಬ ಊರಿಂದ ದೂರದ ಸಂಸ್ಥೆಯೊಂದಕ್ಕೆ ಸಾಲ ಮಾಡಿ ಹಣ ಕಟ್ಟಿ ಹೋಗಿ ಬಂದ. ಒಂದು ವಾರದಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಮದ್ದಿನ ಡಬ್ಬದ ಮೇಲಿನ ತ್ರಿಕೋನದ ಬಣ್ಣ ಏನು ಹೇಳುತ್ತದೆ ಅಂತ ಕೇಳಿದೆವು. “ಅದೆಲ್ಲ ಹೇಳಿಕೊಡಲಿಲ್ಲ” ಅಂದ. ಕೆಂಪು ಇದ್ದರೆ ಅತಿ ತೀವ್ರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಇಷ್ಟೂ ಗೊತ್ತಿಲ್ಲದೆ ಅವನು ಮರುದಿನದಿಂದ ಬೇರೆಯವರ ಗದ್ದೆಗೆ ಹೊರಟಿದ್ದ.

ಡ್ರೋನ್ ಸಣ್ಣದು, ಅಪಾಯವೂ ಸಣ್ಣದು ಅಂತ ತಿಳಿಯಬಾರದು. ಕೈಪಂಪಿನಲ್ಲಿ ಒಂದು ಎಕರೆಗೆ ನೂರು ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಡ್ರೋನಿನಲ್ಲಿ ಅದೇ ಎಕರೆಗೆ ಹತ್ತು ಲೀಟರ್ ಆಸುಪಾಸು. ಮದ್ದು ಅಷ್ಟೇ, ನೀರು ಕಡಿಮೆ. ಅಂದರೆ ಒಂದೊಂದು ಹನಿಯೂ ಹೆಚ್ಚು ಗಟ್ಟಿ. ಅತಿ ಹೆಚ್ಚು ವಿಷ ತಗಲುವುದು ಹಾರಿಸುವವನಿಗಲ್ಲ, ಡಬ್ಬ ತೆರೆದು ಕಲಸಿ ಟ್ಯಾಂಕ್ ತುಂಬಿಸುವ ಸಹಾಯಕನಿಗೆ. ಸಾಮಾನ್ಯವಾಗಿ ಆ ಕೆಲಸಕ್ಕೆ ನಿಲ್ಲಿಸುವುದು ಏನೂ ಗೊತ್ತಿಲ್ಲದ ತಮ್ಮನನ್ನು, ಪಕ್ಕದ ಮನೆಯ ಹುಡುಗನನ್ನು.

ಅಡಿಕೆಯವರಿಗೂ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ಬಿಡಲು ಮರ ಹತ್ತುವವರು ಸಿಗುವುದಿಲ್ಲ. ಹತ್ತಿದವರು ಬಿದ್ದು ಸೊಂಟ ಮುರಿದುಕೊಂಡ ಮನೆಗಳು ನಮ್ಮಲ್ಲೇ ಎಷ್ಟೋ ಉಂಟು. ಡ್ರೋನ್ ಬಂದರೆ ಈ ಕಷ್ಟ ತಪ್ಪೀತು ಎಂಬ ಆಸೆ ಸಹಜ. ಆದರೆ ಗೊನೆ ಇರುವುದು ಸೋಗೆಯ ಕೆಳಗೆ, ಡ್ರೋನ್ ಬಿಡುವುದು ಮೇಲಿಂದ. ಗೊನೆಗೆ ಸರಿಯಾಗಿ ಬಿದ್ದಿತೇ ಅಂತ ಒಂದೆರಡು ಮರ ನೋಡಿಯೇ ಇಡೀ ತೋಟದ ಹಣ ಕೊಡಿ.

ಕೇಳಲೇಬೇಕಾದ ಪ್ರಶ್ನೆಗಳು

ಮಗನನ್ನು, ಮಗಳನ್ನು ತರಬೇತಿಗೆ ಕಳಿಸುವ ಹೆತ್ತವರು ಹಣ ಕಟ್ಟುವ ಮೊದಲು ಇಷ್ಟು ಕೇಳಿ. ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಉಂಟೇ? ಯಾವ ತೂಕದ ಡ್ರೋನಿಗೆ ಸರ್ಟಿಫಿಕೇಟ್ ಕೊಡುತ್ತೀರಿ? ಹಾರಾಟ ಬಿಟ್ಟು ಮದ್ದಿನ ಬಗ್ಗೆ ಎಷ್ಟು ದಿನ ಪಾಠ? ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ ಹೇಳಿಕೊಡುವವರು ಯಾರು? ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿ ಕಲಸುವುದನ್ನು ಕೈಯಾರೆ ಮಾಡಿಸುತ್ತೀರಾ? ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ನೋಡಿ.

ಪಕ್ಕದ ತೋಟಕ್ಕೆ ಡ್ರೋನ್ ಬರುವಾಗ ನಾವು ನೀವು ಕೇಳಬೇಕಾದದ್ದೂ ಉಂಟು. ಯಾವ ಮದ್ದು? ಯಾವ ದಿನ, ಎಷ್ಟು ಹೊತ್ತಿಗೆ? ಪಂಚಾಯತಿಗೆ ಮೊದಲೇ ತಿಳಿಸಿದ್ದೀರಾ? ಕೇಳುವುದು ಜಗಳ ಅಲ್ಲ, ನಿಯಮ ಕೊಟ್ಟ ಹಕ್ಕು. ಆ ಹೊತ್ತಿಗೆ ಬಾವಿ ಮುಚ್ಚಿ, ಒಣಗಲು ಹಾಕಿದ ಬಟ್ಟೆ ಒಳಗೆ ತನ್ನಿ, ಆಡು ದನ ಕಟ್ಟಿ, ಮಕ್ಕಳನ್ನು ಮನೆಯೊಳಗೆ ಇಟ್ಟುಕೊಳ್ಳಿ.

ಮದುವೆಯಲ್ಲಿ ಸಿಕ್ಕಿದ ಆ ತಂದೆಗೆ ಮರುವಾರ ಫೋನ್ ಮಾಡಿದೆವು. ಹುಡುಗನನ್ನು ಕಳಿಸಿ, ಒಳ್ಳೆಯ ಕೆಲಸವೇ, ಆದರೆ ಮೇಲೆ ಹೇಳಿದ ಪ್ರಶ್ನೆಗಳನ್ನು ಕೇಳಿಯೇ ಹಣ ಕಟ್ಟಿ ಅಂದೆವು. ಇನ್ನೊಂದು ಮಾತು ಸೇರಿಸಿದೆವು. ತರಬೇತಿಗೆ ಹೊರಡುವ ಮೊದಲು ಒಂದು ದಿನ ಆ ಎಣ್ಮಕಜೆಯ ಹಿರಿಯರ ಮನೆಗೆ ಹುಡುಗನನ್ನು ಕರಕೊಂಡು ಹೋಗಿ. ಅಂಗಳದಲ್ಲಿ ನಿಂತು ಕೈ ಬೀಸಿದ ಮಕ್ಕಳ ಕತೆಯನ್ನು ಅವರ ಬಾಯಿಂದಲೇ ಕೇಳಲಿ. “ಆಗಲಿ, ಬರುವ ಆದಿತ್ಯವಾರ ಹೋಗ್ತೇವೆ” ಅಂದರು.